ಕೊಟೇಶನ್ನಿನ ಕೊನೇ ಸಾಲು: ಬಾಡಿಗೆ ಮನೆಗೊಂದು ಗೇಮಿಂಗ್ ಪಿಸಿ

ನಮ್ಮ ಟೀಮಿಗೆ ಹೊಸದಾಗಿ ಸೇರಿದ ಹುಡುಗನೊಬ್ಬ, ದಾವಣಗೆರೆ ಕಡೆಯವನು, ಮೊನ್ನೆ ವಾಟ್ಸಾಪ್‌ನಲ್ಲಿ ಒಂದು ಕೊಟೇಶನ್ ಕಳಿಸಿದ. "ಅಣ್ಣಾ, ಫಸ್ಟ್ ಟೈಮ್ ಗೇಮಿಂಗ್ ಪಿಸಿ ಮಾಡಿಸ್ತಿದೀನಿ. ಅಡ್ವಾನ್ಸ್ ಕೊಡೋಕೆ ಮುಂಚೆ ಒಂದ್ಸಲ ನೋಡಿ ಹೇಳ್ರಿ." ಒಟ್ಟು ಒಂದು ಲಕ್ಷದ ಹತ್ತಿರ ಇತ್ತು. ಅವನ ಸುಮಾರು ಒಂದು ವರ್ಷದ ಉಳಿತಾಯ.

ಮೊದಲ ಸಾಲಿನಲ್ಲಿ ಐ7 ಪ್ರೊಸೆಸರ್, ಪೂರ್ತಿ ಮಾಡೆಲ್ ನಂಬರ್ ಸಮೇತ. ಎರಡನೇದರಲ್ಲಿ ಬಣ್ಣಬಣ್ಣದ ಲೈಟ್ ಇರೋ 32 ಜಿಬಿ ರ‍್ಯಾಮ್. ಮೂರನೇದು ಗ್ರಾಫಿಕ್ಸ್ ಕಾರ್ಡ್. ಹೀಗೇ ಇಳಿಯುತ್ತಾ ಕೊನೇ ಸಾಲಿಗೆ ಬಂದರೆ ಅಲ್ಲಿ ಬರೆದದ್ದು ಇಷ್ಟೇ: "ಗೇಮಿಂಗ್ ಕ್ಯಾಬಿನೆಟ್ ವಿತ್ ಎಸ್‌ಎಂಪಿಎಸ್". ಯಾವ ಕಂಪನಿ, ಎಷ್ಟು ವ್ಯಾಟ್, ವಾರಂಟಿ ಎಷ್ಟು ವರ್ಷ, ಒಂದೂ ಇಲ್ಲ. ಮಾನಿಟರ್ ಎಲ್ಲಪ್ಪಾ ಅಂತ ಕೇಳಿದರೆ, "ಅದು ಆಮೇಲೆ ಅಣ್ಣಾ, ದುಡ್ಡು ಉಳಿದ್ರೆ" ಅಂದ.

ಮೊದಲ ಸಲ ಪಿಸಿ ಮಾಡಿಸೋರು ಹೆಚ್ಚುಕಡಿಮೆ ಎಲ್ಲರೂ ಹೀಗೇ ಮಾಡ್ತಾರೆ, ನಾನೂ ಹೀಗೇ ಮಾಡಿದ್ದೆ. ದೊಡ್ಡ ಹೆಸರಿನ ಪ್ರೊಸೆಸರ್‌ನಿಂದ ಶುರು ಮಾಡಿ, ದುಡ್ಡು ಖಾಲಿಯಾದ ಕಡೆ ನಿಲ್ಲಿಸೋದು. ಇವತ್ತು ನಾನು ಹೇಳೋದು ಅದರ ಉಲ್ಟಾ ಲೆಕ್ಕ. ಮಾನಿಟರ್‌ನಿಂದ ಶುರು ಮಾಡಿ, ಆಮೇಲೆ ಗೋಡೆಯ ಪ್ಲಗ್ ಪಾಯಿಂಟ್ ನೋಡಿ, ಅದಾದ ಮೇಲೆ ಒಳಗಿನ ಸಾಮಾನಿಗೆ ಬನ್ನಿ. ಅದರಲ್ಲೂ ಮುಂಬೈ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿ ಅಂತ ಬಾಡಿಗೆ ಮನೆಯಲ್ಲಿ ಇರೋ ನಮ್ಮಂಥವರಿಗೆ ಈ ಕ್ರಮ ತುಂಬಾ ಮುಖ್ಯ.

ಮಾನಿಟರ್ ಯಾಕೆ ಮೊದಲು ಅಂದ್ರೆ, ಒಳಗಿನ ಯಂತ್ರ ಎಷ್ಟು ದುಡಿಯಬೇಕು ಅಂತ ನಿರ್ಧರಿಸೋದು ಅದೇ. ಫುಲ್ ಎಚ್‌ಡಿ ಮಾನಿಟರ್‌ನಲ್ಲಿ 1920 ಗುಣಿಸು 1080, ಅಂದರೆ ಸುಮಾರು 20.7 ಲಕ್ಷ ಪಿಕ್ಸೆಲ್. 1440ಪಿ ಅಂತಾರಲ್ಲ, ಅದರಲ್ಲಿ ಸುಮಾರು 36.9 ಲಕ್ಷ. 4ಕೆ ಅಂದರೆ 82.9 ಲಕ್ಷ, ಫುಲ್ ಎಚ್‌ಡಿಯ ನಾಲ್ಕು ಪಟ್ಟು. 144 ಹರ್ಟ್ಜ್‌ನ ಫುಲ್ ಎಚ್‌ಡಿ ಮಾನಿಟರ್ ಪೂರ್ತಿ ಉಪಯೋಗ ಆಗಬೇಕಾದರೆ ಸೆಕೆಂಡಿಗೆ ಸುಮಾರು 30 ಕೋಟಿ ಪಿಕ್ಸೆಲ್‌ಗೆ ಬಣ್ಣ ಹಚ್ಚಬೇಕು. ಒಂದೊಂದು ಫ್ರೇಮಿಗೂ ಸಿಗೋ ಸಮಯ 7 ಮಿಲಿಸೆಕೆಂಡ್ ಕೂಡ ಇಲ್ಲ. 60 ಹರ್ಟ್ಜ್‌ನಲ್ಲಿ ಅದೇ 16.7 ಮಿಲಿಸೆಕೆಂಡ್.

ಇದರಲ್ಲಿ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಕೆಲಸ ಹಂಚಿಕೊಂಡಿವೆ. ಯಾರು ಎಲ್ಲಿ ನಿಂತಿದ್ದಾನೆ, ಗುಂಡು ತಗುಲಿತಾ ಇಲ್ಲವಾ, ಗೋಡೆ ಬಿದ್ದರೆ ಇಟ್ಟಿಗೆ ಎತ್ತ ಹಾರಬೇಕು, ಇದನ್ನೆಲ್ಲ ಪ್ರತಿ ಫ್ರೇಮಿಗೂ ಲೆಕ್ಕ ಹಾಕಿ ಹೇಳೋದು ಪ್ರೊಸೆಸರ್. ಹೇಳಿದ್ದನ್ನು ಚಿತ್ರವಾಗಿ ಬರೆಯೋದು ಗ್ರಾಫಿಕ್ಸ್ ಕಾರ್ಡ್. ಪಿಕ್ಸೆಲ್ ಜಾಸ್ತಿಯಾದರೆ ಕಾರ್ಡಿನ ಹೊರೆ ಏರುತ್ತೆ, ಪ್ರೊಸೆಸರ್‌ಗೆ ಅದರಿಂದ ಹೆಚ್ಚೇನೂ ಆಗಲ್ಲ. ಆದರೆ ಸೆಕೆಂಡಿಗೆ ಫ್ರೇಮ್ ಜಾಸ್ತಿ ಬೇಕು ಅಂದರೆ ಇಬ್ಬರಿಗೂ ಹೊರೆ. ಅದಕ್ಕೇ ವ್ಯಾಲರಂಟ್, ಕೌಂಟರ್ ಸ್ಟ್ರೈಕ್ 2 ಆಡೋರಿಗೆ ಫುಲ್ ಎಚ್‌ಡಿ, 144 ಹರ್ಟ್ಜ್ ಮೇಲಿನ ಮಾನಿಟರ್ ಮತ್ತು ಒಳ್ಳೆ ಪ್ರೊಸೆಸರ್ ಮುಖ್ಯ, ಕಾರ್ಡ್ ಮಧ್ಯಮದ್ದಾದರೂ ನಡೆಯುತ್ತೆ. ಸೈಬರ್‌ಪಂಕ್ 2077 ತರಹದ ಕಥೆ ಇರೋ ದೊಡ್ಡ ಆಟವನ್ನು 1440ಪಿಯಲ್ಲಿ ನಿಧಾನಕ್ಕೆ ನೋಡ್ತಾ ಆಡೋರಿಗೆ ಕಾರ್ಡೇ ಜೀವಾಳ. "ಯಾವ ಪಿಸಿ ಬೆಸ್ಟ್" ಅನ್ನೋ ಪ್ರಶ್ನೆಗೆ ನಾನು ಯಾವಾಗಲೂ "ಯಾವ ಆಟ, ಯಾವ ಮಾನಿಟರ್" ಅಂತ ತಿರುಗಿ ಕೇಳೋದು ಇದಕ್ಕೇ.

ನಮ್ಮ ಹುಡುಗ ಆಡೋದು ವ್ಯಾಲರಂಟ್, ವೀಕೆಂಡಿಗೆ ಜಿಟಿಎ 5. ಮನೆಯಲ್ಲಿ ಇದ್ದದ್ದು ರೂಮ್‌ಮೇಟ್ ಬಿಟ್ಟುಹೋದ 60 ಹರ್ಟ್ಜ್ ಮಾನಿಟರ್. ಆ ಒಂದು ಲಕ್ಷದ ಪಿಸಿಯನ್ನು ಅದಕ್ಕೆ ಹಾಕಿದ್ದಿದ್ದರೆ, ಎಂಥಾ ಕಾರ್ಡೇ ಇರಲಿ, ಅವನ ಕಣ್ಣಿಗೆ ಸೆಕೆಂಡಿಗೆ 60 ಚಿತ್ರಕ್ಕಿಂತ ಹೆಚ್ಚು ಕಾಣ್ತಿರಲಿಲ್ಲ. ಇನ್ನೊಂದು ಮಾತು, ವರ್ಕ್ ಫ್ರಮ್ ಹೋಮ್ ಇದ್ದ ದಿನ ಅದೇ ಮಾನಿಟರ್‌ಗೆ ಆಫೀಸ್ ಲ್ಯಾಪ್‌ಟಾಪ್ ಹಾಕ್ತೀರಿ. ದಿನಕ್ಕೆ ಎಂಟು ತಾಸು ಕೋಡ್ ಓದೋ ಕಣ್ಣಿಗೆ 27 ಇಂಚಿನ 1440ಪಿ ದೊಡ್ಡ ಆರಾಮು. ಹಾಗಾಗಿ ಮಾನಿಟರ್ ಮೇಲಿನ ಖರ್ಚನ್ನು ಪೂರ್ತಿ ಆಟದ ಲೆಕ್ಕಕ್ಕೆ ಬರೆಯಬೇಡಿ.

ಪ್ರೊಸೆಸರ್ ವಿಷಯ ಬೇಗ ಮುಗಿಸ್ತೀನಿ. ಆಟಕ್ಕೆ 6 ಕೋರ್ ಸಾಕು. ಮೊದಲ ಪಿಸಿಗೆ ಐ7 ಬೇಕಿಲ್ಲ, ಐ5 ಅಥವಾ ರೈಜೆನ್ 5 ತಗೊಂಡು ಉಳಿದದ್ದನ್ನು ಕಾರ್ಡಿಗೆ ಹಾಕಿ. ಬೋರ್ಡಿನ ಸಾಕೆಟ್ ಮಾತ್ರ ನೋಡಿಕೊಳ್ಳಿ. ಎಎಂಡಿಯವರ ಎಎಂ4 ಸಾಕೆಟ್‌ಗೆ ರೈಜೆನ್ 2017ರಲ್ಲಿ ಬಂತು. 2022ರಲ್ಲಿ ಬಿಡುಗಡೆಯಾದ 5800ಎಕ್ಸ್3ಡಿ ಕೂಡ ಅದೇ ಸಾಕೆಟ್‌ನದು, ಬಯಾಸ್ ಅಪ್‌ಡೇಟ್ ಮಾಡಿ ಹಳೇ ಬೋರ್ಡಿಗೇ ಹಾಕಿಕೊಂಡವರಿದ್ದಾರೆ. 2022ರಲ್ಲೇ ಎಎಂ5 ಬಂತು, ಅದು ಡಿಡಿಆರ್5 ರ‍್ಯಾಮ್ ಮಾತ್ರ ತಗೊಳ್ಳುತ್ತೆ. ಇಂಟೆಲ್ 2021ರಲ್ಲಿ ಒಂದು ಸಾಕೆಟ್, 2024ರಲ್ಲಿ ಇನ್ನೊಂದು ತಂತು. ಇಂಟೆಲ್ ಮಾಡೆಲ್ ನಂಬರಿನ ಕೊನೆಗೆ ಎಫ್ ಅಂತ ಇದ್ದರೆ ಅದರಲ್ಲಿ ಒಳಗಿನ ಗ್ರಾಫಿಕ್ಸ್ ಇರಲ್ಲ, ಕಾರ್ಡ್ ಕೆಟ್ಟರೆ ಪರದೆಯ ಮೇಲೆ ಏನೂ ಬರಲ್ಲ. ದುಡ್ಡು ನಿಜವಾಗಿಯೂ ಕಮ್ಮಿ ಇದ್ದರೆ ರೈಜೆನ್ 5600ಜಿ, 8600ಜಿ ತರಹ ಒಳಗೇ ಒಂದು ಮಟ್ಟದ ಗ್ರಾಫಿಕ್ಸ್ ಇರೋದನ್ನು ತಗೊಂಡು ಶುರು ಮಾಡಿ, ಬೋನಸ್ ಬಂದಾಗ ಕಾರ್ಡ್ ಹಾಕಿಸಿ. ಅದರಲ್ಲಿ ನಾಚಿಕೆಪಡೋದೇನಿಲ್ಲ.

ರ‍್ಯಾಮ್ 16 ಜಿಬಿಗೆ ಕಮ್ಮಿ ಬೇಡ, 32 ಆದರೆ ನೆಮ್ಮದಿ. ಒಂದೇ ಕಡ್ಡಿಗಿಂತ ಎರಡು ಕಡ್ಡಿ ಒಳ್ಳೇದು, ಪ್ರೊಸೆಸರ್ ಎರಡರ ಜೊತೆಗೂ ಏಕಕಾಲಕ್ಕೆ ಮಾತಾಡುತ್ತೆ. 2025ರ ಕೊನೆಯಿಂದ ಎಐ ಡೇಟಾ ಸೆಂಟರ್‌ಗಳ ಹಸಿವಿಗೆ ಸಿಕ್ಕಿ ರ‍್ಯಾಮ್ ರೇಟು ಹೇಗೆ ಏರಿತು ಅಂತ ನೀವೇ ನೋಡಿದೀರಿ. ಅದಕ್ಕೇ ನಾನು ಇಲ್ಲಿ ಒಂದೊಂದು ಭಾಗಕ್ಕೂ ಬೆಲೆ ಹೇಳ್ತಿಲ್ಲ, ನೀವು ಓದೋ ಹೊತ್ತಿಗೆ ಅದು ಸುಳ್ಳಾಗಿರುತ್ತೆ. ಲೈಟ್ ಇರೋ ರ‍್ಯಾಮಿನ ಲೈಟಿಗೆ ದುಡ್ಡು ಕೊಡಬೇಡಿ. ಎಸ್‌ಎಸ್‌ಡಿ 1 ಟಿಬಿಯ ಎನ್‌ವಿಎಂಇ ಸಾಕು, ಈಗಿನ ಆಟಗಳಲ್ಲಿ ಎಷ್ಟೋ 100 ಜಿಬಿ ದಾಟುತ್ತವೆ.

ಕಾರ್ಡಿನಲ್ಲಿ ಒಂದು ಮೋಸದ ಜಾಗ ಇದೆ. ಒಂದೇ ಹೆಸರು, ಎರಡು ಥರದ ಮೆಮೊರಿ. ಆರ್‌ಟಿಎಕ್ಸ್ 5060 ಟಿಐ 8 ಜಿಬಿಯಲ್ಲೂ ಬರುತ್ತೆ, 16 ಜಿಬಿಯಲ್ಲೂ ಬರುತ್ತೆ. ಎಎಂಡಿಯ ಆರ್‌ಎಕ್ಸ್ 9060 ಎಕ್ಸ್‌ಟಿಯದೂ ಅದೇ ಕಥೆ. ಕೊಟೇಶನ್‌ನಲ್ಲಿ ಜಿಬಿ ಬರೆದಿಲ್ಲ ಅಂದರೆ ಕಮ್ಮಿದೇ ಅಂತ ತಿಳ್ಕೊಳ್ಳಿ. ಫುಲ್ ಎಚ್‌ಡಿಗೆ 8 ಜಿಬಿ ಇವತ್ತಿಗೆ ನಡೆಯುತ್ತೆ. 1440ಪಿ ಮಾನಿಟರ್ ಇದ್ದರೆ 12 ಅಥವಾ 16 ನೋಡಿ. ಮೆಮೊರಿ ತುಂಬಿದಾಗ ಆಟ ಬರೀ ನಿಧಾನ ಆಗಲ್ಲ, ತಡವರಿಸಿ ತಡವರಿಸಿ ನಡೆಯುತ್ತೆ, ಅದು ಇನ್ನೂ ಹಿಂಸೆ.

ಈಗ ಆ ಕೊನೇ ಸಾಲಿಗೆ ಬರೋಣ. ಎಸ್‌ಎಂಪಿಎಸ್.

ನನ್ನ ಮೊದಲ ಪಿಸಿ ಪುಣೆಯ ಬಾಡಿಗೆ ಮನೆಯಲ್ಲಿ ಇತ್ತು. ಕ್ಯಾಬಿನೆಟ್ ಜೊತೆ ಬಂದ ಎಸ್‌ಎಂಪಿಎಸ್. ಮೇಲೆ ದಪ್ಪ ಅಕ್ಷರದಲ್ಲಿ 450 ವ್ಯಾಟ್ ಅಂತ ಬರೆದಿತ್ತು, ನಾನೂ ನಂಬಿದ್ದೆ. ಒಂದು ಮೇ ತಿಂಗಳ ಸಂಜೆ ಕರೆಂಟ್ ಹೋಗಿ ಬಂತು. ಬಂದಾಗ ಟಪ್ ಅಂತ ಒಂದು ಸದ್ದು, ಸುಟ್ಟ ವಾಸನೆ. ಎಸ್‌ಎಂಪಿಎಸ್ ಹೋಯ್ತು, ಹೋಗ್ತಾ ಮದರ್‌ಬೋರ್ಡನ್ನೂ ಕರ್ಕೊಂಡು ಹೋಯ್ತು. ಇಎಂಐ ಇನ್ನೂ ನಾಲ್ಕು ತಿಂಗಳು ಬಾಕಿ ಇತ್ತು. ಎಂಟೆಕ್ ಮಾಡಿದವನು, ಆ ಡಬ್ಬದ ಪಕ್ಕಕ್ಕೆ ಅಂಟಿಸಿದ ಲೇಬಲ್ ಒಂದ್ಸಲ ಓದಿರಲಿಲ್ಲ.

ಆ ಲೇಬಲ್ ಓದೋದು ಹೀಗೆ. ಗೋಡೆಯಿಂದ ಬರೋ 230 ವೋಲ್ಟ್ ಎಸಿಯನ್ನು ಎಸ್‌ಎಂಪಿಎಸ್ 12, 5, 3.3 ವೋಲ್ಟ್ ಡಿಸಿಯಾಗಿ ಬದಲಿಸುತ್ತೆ. ಈಗಿನ ಪಿಸಿಯಲ್ಲಿ ಪ್ರೊಸೆಸರ್, ಕಾರ್ಡ್ ಎರಡೂ ಹೆಚ್ಚುಕಡಿಮೆ ಪೂರ್ತಿಯಾಗಿ 12 ವೋಲ್ಟ್ ಲೈನಿನ ಮೇಲೇ ಬದುಕೋದು. ಹಾಗಾಗಿ ಲೇಬಲ್‌ನಲ್ಲಿ 12 ವೋಲ್ಟ್ ಕೆಳಗೆ ಎಷ್ಟು ಆಂಪಿಯರ್ ಅಂತ ನೋಡಿ, 12ರಿಂದ ಗುಣಿಸಿ. 22 ಆಂಪಿಯರ್ ಇದ್ದರೆ 264 ವ್ಯಾಟ್. ಹೊರಗೆ 450 ಅಂತ ಬರೆದಿದ್ದರೂ ನಿಮಗೆ ಉಪಯೋಗಕ್ಕೆ ಬರೋದು ಈ 264. ಉಳಿದದ್ದನ್ನು ನೀವು ಬಳಸದ ಲೈನುಗಳಿಗೆ ಲೆಕ್ಕ ಹಾಕಿ ಕೂಡಿಸಿರ್ತಾರೆ. ಒಳ್ಳೆ 550 ವ್ಯಾಟಿನದರಲ್ಲಿ 12 ವೋಲ್ಟ್ ಲೈನೊಂದೇ ಹತ್ತಿರ ಹತ್ತಿರ ಪೂರ್ತಿ 550 ಕೊಡುತ್ತೆ.

ಬೇಕಾಗೋದು ಎಷ್ಟು? ಉದಾಹರಣೆಗೆ ಆರ್‌ಟಿಎಕ್ಸ್ 5060 ಕಾರ್ಡಿಗೆ 145 ವ್ಯಾಟ್, ರೈಜೆನ್ 5 7600 ಜಾಸ್ತಿ ಅಂದರೆ 88 ವ್ಯಾಟ್ ಎಳೆಯುತ್ತೆ, ಫ್ಯಾನು, ಬೋರ್ಡು, ಎಸ್‌ಎಸ್‌ಡಿ ಎಲ್ಲ ಸೇರಿ ಇನ್ನೊಂದು 50 ಅಂತ ಇಟ್ಕೊಳ್ಳಿ. 283 ಆಯ್ತು. ಕಾರ್ಡುಗಳು ಕ್ಷಣಮಾತ್ರಕ್ಕೆ ಇದಕ್ಕಿಂತ ಜಾಸ್ತಿ ಎಳೆಯೋದುಂಟು. 550 ವ್ಯಾಟಿನ ಒಳ್ಳೇದು ಧಾರಾಳ ಸಾಕು, ಮುಂದೆ ದೊಡ್ಡ ಕಾರ್ಡ್ ಹಾಕೋ ಆಸೆ ಇದ್ದರೆ 650. 1000 ವ್ಯಾಟ್ ಅಂತ ಯಾರಾದರೂ ಹೆದರಿಸಿದರೆ ನಕ್ಕು ಮುಂದೆ ಹೋಗಿ. 80 ಪ್ಲಸ್ ಬ್ರಾಂಜ್, ಗೋಲ್ಡ್ ಅಂತ ಇರುತ್ತಲ್ಲ, ಅದು ಕರೆಂಟ್ ಎಷ್ಟು ಪೋಲಾಗುತ್ತೆ ಅನ್ನೋದರ ಅಳತೆ ಮಾತ್ರ. ಓವರ್‌ಲೋಡ್ ಆದಾಗ ಅಥವಾ ಶಾರ್ಟ್ ಆದಾಗ ಅದು ತನ್ನಷ್ಟಕ್ಕೆ ಆಫ್ ಆಗುತ್ತಾ ಅನ್ನೋದು ಬೇರೆ ಪ್ರಶ್ನೆ. ವಾರಂಟಿ ಎಷ್ಟು ವರ್ಷ ಅಂತ ನೋಡೋದು ಸುಲಭದ ದಾರಿ. ಐದು, ಏಳು, ಹತ್ತು ವರ್ಷ ಕೊಡೋ ಕಂಪನಿಗೆ ತನ್ನ ಮಾಲಿನ ಮೇಲೆ ಒಂದಿಷ್ಟು ನಂಬಿಕೆ ಇರುತ್ತೆ.

ಎಸ್‌ಎಂಪಿಎಸ್ ಎಷ್ಟೇ ಒಳ್ಳೇದಿದ್ದರೂ ಗೋಡೆಯಲ್ಲಿ ಅರ್ಥಿಂಗ್ ಇಲ್ಲದಿದ್ದರೆ ಅರ್ಧ ರಕ್ಷಣೆ ಹೋದ ಹಾಗೇ. ಹಳೇ ಬಿಲ್ಡಿಂಗ್‌ಗಳಲ್ಲಿ, ಪಿಜಿಗಳಲ್ಲಿ ಇದು ಮಾಮೂಲು. ಕ್ಯಾಬಿನೆಟ್ ಮುಟ್ಟಿದರೆ ಕೈ ಜುಮ್ ಅನ್ನುತ್ತೆ, ಬರಿಗಾಲಲ್ಲಿ ಇದ್ದರೆ ಇನ್ನೂ ಜಾಸ್ತಿ. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳು ಫೇಸ್, ನ್ಯೂಟ್ರಲ್ ಎರಡರಿಂದಲೂ ಕ್ಯಾಬಿನೆಟ್‌ಗೆ ಜೋಡಿಸಿರ್ತವೆ. ಅರ್ಥ್ ತಂತಿ ಇದ್ದರೆ ಆ ಸಣ್ಣ ಕರೆಂಟ್ ನೆಲಕ್ಕೆ ಹರಿದುಹೋಗುತ್ತೆ. ಇಲ್ಲದಿದ್ದರೆ ಕ್ಯಾಬಿನೆಟ್ ಸುಮಾರು 115 ವೋಲ್ಟ್‌ನಲ್ಲಿ ತೇಲ್ತಾ ಇರುತ್ತೆ, ನೀವು ಮುಟ್ಟಿದಾಗ ನಿಮ್ಮ ಮೂಲಕ ಇಳಿಯುತ್ತೆ. ಕರೆಂಟ್ ಅತಿ ಸಣ್ಣದು, ಆದರೆ ಒಳಗೆ ಏನಾದರೂ ಕೆಟ್ಟು ಫೇಸ್ ತಂತಿ ನೇರ ಕ್ಯಾಬಿನೆಟ್‌ಗೆ ತಗುಲಿದ ದಿನ ಅದು ಸಣ್ಣದಾಗಿರಲ್ಲ.

ಮನೆ ನೋಡೋಕೆ ಹೋದಾಗಲೇ, ಆಗದಿದ್ದರೆ ಪಿಸಿ ತರೋಕೆ ಮುಂಚೆ, ಎಲೆಕ್ಟ್ರಿಶಿಯನ್ ಒಬ್ಬರನ್ನು ಕರೆಸಿ ಮಲ್ಟಿಮೀಟರ್‌ನಲ್ಲಿ ನೋಡಿಸಿ. ಫೇಸ್ ಮತ್ತು ನ್ಯೂಟ್ರಲ್ ಮಧ್ಯೆ 230ರ ಆಸುಪಾಸು, ಫೇಸ್ ಮತ್ತು ಅರ್ಥ್ ಮಧ್ಯೆಯೂ ಹತ್ತಿರ ಹತ್ತಿರ ಅಷ್ಟೇ, ನ್ಯೂಟ್ರಲ್ ಮತ್ತು ಅರ್ಥ್ ಮಧ್ಯೆ ಒಂದೆರಡು ವೋಲ್ಟ್ ಬರಬೇಕು. ಅಲ್ಲಿ ಬರೋಬ್ಬರಿ ಸೊನ್ನೆ ಬಂದರೆ ಖುಷಿಪಡಬೇಡಿ, ಬೋರ್ಡ್ ಬಿಚ್ಚಿಸಿ ನೋಡಿ. ಕೆಲವರು ಅರ್ಥ್ ತಂತಿ ಎಳೆಯೋ ಬದಲು ಸಾಕೆಟ್ ಒಳಗೇ ನ್ಯೂಟ್ರಲ್‌ನಿಂದ ಅರ್ಥ್ ಪಿನ್ನಿಗೆ ಒಂದು ತುಂಡು ವೈರ್ ಹಾಕಿಬಿಡ್ತಾರೆ. ಎಲ್ಲೋ ನ್ಯೂಟ್ರಲ್ ಕಟ್ಟಾದರೆ ನಿಮ್ಮ ಕ್ಯಾಬಿನೆಟ್‌ಗೆ ಪೂರ್ತಿ 230 ಬಂದು ಕೂರುತ್ತೆ. ಇದು ಅರ್ಥಿಂಗ್ ಇಲ್ಲದಿರೋದಕ್ಕಿಂತ ಕೆಟ್ಟದ್ದು. ಓನರ್ ಹತ್ತಿರ ಪೇಂಟಿಂಗ್ ಬಗ್ಗೆ ಜಗಳ ಮಾಡ್ತೀವಲ್ಲ, ಅದರ ಬದಲು ಇದನ್ನು ಕೇಳಿ ಮಾಡಿಸಿಕೊಳ್ಳಿ.

ಯುಪಿಎಸ್ ಬಗ್ಗೆ ಎರಡು ಮಾತು. ಅಂಗಡಿಯಲ್ಲಿ ಸಿಗೋ 600 ವಿಎ ಅಂದರೆ ಸಾಮಾನ್ಯವಾಗಿ 360 ವ್ಯಾಟ್. ನಮ್ಮ 283ಕ್ಕೆ ಮಾನಿಟರ್ ಸೇರಿಸಿದರೆ ಅದರ ಅಂಚಿಗೆ ಬಂದುಬಿಡ್ತೀರಿ, 1000 ಅಥವಾ 1100 ವಿಎ ನೋಡಿ. ಯುಪಿಎಸ್ ಇಟ್ಟು ಮ್ಯಾಚ್ ಮುಗಿಸೋ ಆಸೆ ಬೇಡ. ಅಪಾರ್ಟ್‌ಮೆಂಟ್‌ನಲ್ಲಿ ಜನರೇಟರ್ ಬರೋ ತನಕದ ಹತ್ತು ಹದಿನೈದು ಸೆಕೆಂಡ್, ಇಲ್ಲಾ ಸೇವ್ ಮಾಡಿ ಶಟ್‌ಡೌನ್ ಮಾಡೋಕೆ ಬೇಕಾದ ಐದು ನಿಮಿಷ, ಅಷ್ಟು ಸಿಕ್ಕರೆ ಅದರ ಕೆಲಸ ಆಯ್ತು. ಕರೆಂಟ್ ಬಿಲ್ ಬಗ್ಗೆ ಕೇಳ್ತೀರಿ ಅಂತ ಗೊತ್ತು. ಮಾನಿಟರ್ ಸೇರಿ 350 ವ್ಯಾಟ್ ಅಂದ್ರೂ ಮೂರು ತಾಸು ಆಡಿದರೆ ಸುಮಾರು ಒಂದು ಯೂನಿಟ್. ಅದೇ ರೂಮಿನ ಎಸಿ ಮುಂದೆ ಅದು ಏನೇನೂ ಅಲ್ಲ.

ಎಸಿ ಅಂದಾಗ ಕ್ಯಾಬಿನೆಟ್ ನೆನಪಾಯ್ತು. ಮುಂದುಗಡೆ ಪೂರ್ತಿ ಗಾಜಿರೋ ಕ್ಯಾಬಿನೆಟ್ ನೋಡೋಕೆ ಚೆಂದ, ಗಾಳಿ ಹೋಗೋಕೆ ದಾರಿ ಇರಲ್ಲ. ಫ್ಯಾನ್ ಎಷ್ಟೇ ತಿರುಗಿದರೂ ರೂಮಿನ ಬಿಸಿಗಿಂತ ಕೆಳಗೆ ತರೋಕಾಗಲ್ಲ. ಚೆನ್ನೈಯ ಮೇ ತಿಂಗಳಲ್ಲಿ ರೂಮೇ 36 ಡಿಗ್ರಿ ಇದ್ದರೆ ನಿಮ್ಮ ಕಾರ್ಡ್ ಅಲ್ಲಿಂದ ಲೆಕ್ಕ ಶುರು ಮಾಡುತ್ತೆ. ಮುಂದೆ ಜಾಲರಿ, ಅದರ ಹಿಂದೆ ತೆಗೆದು ತೊಳೆಯೋಕೆ ಬರೋ ಧೂಳಿನ ಫಿಲ್ಟರ್, ಇಷ್ಟಿದ್ದರೆ ಸಾಕು. ದೆಹಲಿಯವರು ತಿಂಗಳಿಗೊಮ್ಮೆ ತೊಳೀರಿ.

ಕೊಳ್ಳೋದು ಎಲ್ಲಿ? ಮುಂಬೈಯಲ್ಲಿ ಲ್ಯಾಮಿಂಗ್ಟನ್ ರೋಡ್, ದೆಹಲಿಯಲ್ಲಿ ನೆಹರೂ ಪ್ಲೇಸ್, ಚೆನ್ನೈಯಲ್ಲಿ ರಿಚ್ಚಿ ಸ್ಟ್ರೀಟ್, ಸಿಕಂದರಾಬಾದ್‌ನಲ್ಲಿ ಸಿಟಿಸಿ, ನಮ್ಮ ಎಸ್‌ಪಿ ರೋಡಿನ ಅಣ್ಣತಮ್ಮಂದಿರೇ ಎಲ್ಲ. ಆನ್‌ಲೈನ್ ರೇಟ್ ಮೊಬೈಲ್‌ನಲ್ಲಿ ಇಟ್ಕೊಂಡು ಹೋಗಿ, ಮೂರು ಅಂಗಡಿ ಕೇಳಿ. ಭಾಷೆ ಬರಲ್ಲ ಅಂತ ಅಂಜಬೇಡಿ, ಮಾಡೆಲ್ ನಂಬರ್ ಚೀಟಿಯಲ್ಲಿ ಬರೆದು ತೋರಿಸಿದರೆ ವ್ಯಾಪಾರ ಆಗಿಬಿಡುತ್ತೆ. ಬಿಲ್ ಇಲ್ಲದೆ ಕೊಟ್ಟರೆ 18 ಪರ್ಸೆಂಟ್ ಜಿಎಸ್‌ಟಿ ಉಳಿಯುತ್ತೆ ಅಂತ ಆಸೆ ತೋರಿಸೋರು ಸಿಗ್ತಾರೆ. ಬೇಡ. ಪ್ರತಿ ಭಾಗದ ಸೀರಿಯಲ್ ನಂಬರ್ ಬಿಲ್ಲಿನಲ್ಲಿ ಬರಲಿ, ಡಬ್ಬದ ಮೇಲಿನದು, ಕಾರ್ಡಿನ ಮೇಲಿನದು, ಬಿಲ್ಲಿನದು ಮೂರೂ ತಾಳೆ ನೋಡಿ. ಇವತ್ತು ಹೈದರಾಬಾದ್‌ನಲ್ಲಿ ಕೊಂಡು ಬರೋ ವರ್ಷ ಪುಣೆಗೆ ಹೋಗೋ ನಮಗೆ ಅಂಗಡಿಯವನ ಬಾಯಿಮಾತಿನ ಗ್ಯಾರಂಟಿಯಿಂದ ಪ್ರಯೋಜನ ಇಲ್ಲ. ಕಂಪನಿಯ ಭಾರತದ ವಾರಂಟಿ ಇದೆಯಾ, ನೀವು ಹೋಗಬಹುದಾದ ಊರಲ್ಲಿ ಸರ್ವಿಸ್ ಸೆಂಟರ್ ಇದೆಯಾ, ಅದನ್ನು ಕೇಳಿ. ಸೆಕೆಂಡ್ ಹ್ಯಾಂಡ್ ಕಾರ್ಡ್ ಆದರೆ, ಮಾರೋರ ಮನೆಗೆ ಹೋಗಿ ಅರ್ಧ ಗಂಟೆ ಆಟ ಓಡಿಸಿ ನೋಡದೆ ದುಡ್ಡು ಕೊಡಬೇಡಿ. 2022ರಲ್ಲಿ ಇಥೀರಿಯಂ ಮೈನಿಂಗ್ ನಿಂತ ಮೇಲೆ ಹಗಲೂ ರಾತ್ರಿ ದುಡಿದ ಕಾರ್ಡುಗಳು ಎಷ್ಟೋ ಮಾರ್ಕೆಟ್‌ಗೆ ಬಂದವು.

ಜೋಡಿಸೋದು ಅಂಗಡಿಯವರೇ ಮಾಡಿಕೊಡ್ತಾರೆ, ಆದರೆ ಒಂದು ಭಾನುವಾರ ಕೊಟ್ಟು ನೀವೇ ಮಾಡಿ ಅಂತ ನನ್ನ ಆಸೆ. ಕಷ್ಟ ಇಲ್ಲ, ಕೆಲವು ಕಡೆ ಎಚ್ಚರ ಬೇಕು ಅಷ್ಟೇ. ಪ್ರೊಸೆಸರ್ ಮೂಲೆಯ ತ್ರಿಕೋನ ಸಾಕೆಟ್‌ನ ತ್ರಿಕೋನಕ್ಕೆ ಕೂಡಬೇಕು, ಒತ್ತಬಾರದು, ಬಗ್ಗಿದ ಪಿನ್ನಿಗೆ ವಾರಂಟಿ ಸಿಗೋದು ಕಷ್ಟ. ಕೂಲರ್ ತಳದ ಪ್ಲಾಸ್ಟಿಕ್ ಹಾಳೆ ಕಿತ್ತುಹಾಕಿ. ನಾಲ್ಕು ಸ್ಲಾಟ್ ಇರೋ ಬೋರ್ಡಿನಲ್ಲಿ ರ‍್ಯಾಮಿನ ಎರಡು ಕಡ್ಡಿ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎರಡನೇ ಮತ್ತು ನಾಲ್ಕನೇ ಸ್ಲಾಟಿಗೆ. ಹಳೇ ಎಸ್‌ಎಂಪಿಎಸ್‌ನ ಬಿಚ್ಚೋಕೆ ಬರೋ ಕೇಬಲ್‌ಗಳನ್ನು ಹೊಸ ಎಸ್‌ಎಂಪಿಎಸ್‌ಗೆ ಯಾವತ್ತೂ ಹಾಕಬೇಡಿ. ತುದಿ ಒಂದೇ ಥರ ಕಾಣುತ್ತೆ, ಒಳಗಿನ ತಂತಿಗಳ ಕ್ರಮ ಕಂಪನಿಯಿಂದ ಕಂಪನಿಗೆ ಬೇರೆ, ಎಸ್‌ಎಸ್‌ಡಿ ಸುಟ್ಟುಕೊಂಡವರಿದ್ದಾರೆ. ಎಎಂ5 ಆದರೆ ಮೊದಲ ಸಲ ಆನ್ ಮಾಡಿದಾಗ ಪರದೆ ಕೆಲವು ನಿಮಿಷ ಕಪ್ಪಗೇ ಇರುತ್ತೆ, ಹೊಸ ರ‍್ಯಾಮಿಗೆ ಹೊಂದಿಕೊಳ್ತಾ ಇರುತ್ತೆ. ಹೆದರಿ ಆಫ್ ಮಾಡಬೇಡಿ, ಹೋಗಿ ಚಹಾ ಕುಡಿದು ಬನ್ನಿ.

ಎಲ್ಲ ಆದ ಮೇಲೆ ಮೂರು ಸೆಟ್ಟಿಂಗ್. ಮಾನಿಟರ್ ಕೇಬಲ್ ಮದರ್‌ಬೋರ್ಡಿಗೆ ಬೇಡ, ಕೆಳಗಿನ ಕಾರ್ಡಿಗೆ ಹಾಕಿ. ಬಯಾಸ್‌ನಲ್ಲಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಆನ್ ಮಾಡಿ, ಇಲ್ಲದಿದ್ದರೆ ದುಡ್ಡು ಕೊಟ್ಟ ವೇಗದಲ್ಲಿ ರ‍್ಯಾಮ್ ಓಡಲ್ಲ. ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ 144 ಹರ್ಟ್ಜ್ ನೀವೇ ಆರಿಸಿ. ಎರಡು ವರ್ಷ 60ರಲ್ಲೇ ಆಡಿ "ಏನೂ ವ್ಯತ್ಯಾಸ ಕಾಣ್ಲಿಲ್ಲ ಮಗಾ" ಅಂದ ಗೆಳೆಯ ನನಗಿದ್ದಾನೆ. ವ್ಯಾಲರಂಟ್ ಆಡೋರು ವಿಂಡೋಸ್ 11ರಲ್ಲಿ ಟಿಪಿಎಂ, ಸೆಕ್ಯೂರ್ ಬೂಟ್ ಎರಡೂ ಆನ್ ಇರೋದು ನೋಡಿಕೊಳ್ಳಿ.

ಹುಡುಗನ ಕೊಟೇಶನ್ ಕೊನೆಗೆ ಹೀಗಾಯ್ತು. ಐ7 ಹೋಗಿ ರೈಜೆನ್ 5 ಬಂತು, ರ‍್ಯಾಮಿನ ಲೈಟು ಆರಿತು. ಉಳಿದ ದುಡ್ಡಿಗೆ 650 ವ್ಯಾಟಿನ ಏಳು ವರ್ಷ ವಾರಂಟಿಯ ಎಸ್‌ಎಂಪಿಎಸ್, ಜಾಲರಿಯ ಕ್ಯಾಬಿನೆಟ್, 165 ಹರ್ಟ್ಜ್‌ನ ಮಾನಿಟರ್ ಬಂದವು. ಕಾರ್ಡು ಮೊದಲಿನದೇ. ಮೊತ್ತ ಹೆಚ್ಚುಕಡಿಮೆ ಅಷ್ಟೇ.

ಅಡ್ವಾನ್ಸ್ ಕೊಟ್ಟು ಬಂದವನಿಗೆ ಮನೆ ಬದಲಿಸೋದರ ಬಗ್ಗೆಯೂ ಹೇಳಿದೆ, ನಿಮಗೂ ಹೇಳ್ತೀನಿ. ಪುಣೆಯಿಂದ ಹೈದರಾಬಾದಿಗೆ ಬರೋವಾಗ ನಾನು ಕಾರ್ಡ್ ಒಳಗೇ ಬಿಟ್ಟು ಕ್ಯಾಬಿನೆಟ್ ಪ್ಯಾಕರ್ಸ್‌ನವರಿಗೆ ಕೊಟ್ಟಿದ್ದೆ. ಲಾರಿಯ ಕುಲುಕಾಟಕ್ಕೆ ಒಂದು ಕೆಜಿ ತೂಕದ ಕಾರ್ಡ್ ಜೋತು ಬಿದ್ದು ಬೋರ್ಡಿನ ಸ್ಲಾಟ್ ಕಿತ್ತು ಬಂದಿತ್ತು. ಈಗ ಮನೆ ಬದಲಿಸೋ ಹಿಂದಿನ ದಿನ ಕಾರ್ಡ್ ಬಿಚ್ಚಿ ಅದರದೇ ಡಬ್ಬಕ್ಕೆ ಹಾಕಿ ನನ್ನ ಬ್ಯಾಗಿನಲ್ಲಿ ಇಟ್ಕೊಳ್ತೀನಿ. ದೊಡ್ಡ ಕೂಲರ್ ಇದ್ದರೆ ಅದನ್ನೂ ಬಿಚ್ಚಿ, ಎಎಂ4ನದಾದರೆ ಹತ್ತು ನಿಮಿಷ ಪಿಸಿ ಓಡಿಸಿ, ಪೇಸ್ಟ್ ಬೆಚ್ಚಗಾದ ಮೇಲೆ ಆಫ್ ಮಾಡಿ, ನಿಧಾನಕ್ಕೆ ತಿರುಗಿಸಿ ಎತ್ತಿ. ನೇರ ಎಳೆದರೆ ಪ್ರೊಸೆಸರ್ ಕೂಡ ಅಂಟಿಕೊಂಡು ಬರುತ್ತೆ. ಕ್ಯಾಬಿನೆಟ್ ಮಲಗಿಸಿ ಸಾಗಿಸಿ, ಮದರ್‌ಬೋರ್ಡ್ ಇರೋ ಮಗ್ಗುಲು ಕೆಳಗೆ ಬರೋ ಹಾಗೆ. ಮಾನಿಟರ್‌ನ ಡಬ್ಬ, ಅದರ ಥರ್ಮೋಕೋಲ್ ಎರಡನ್ನೂ ಎಸೆಯಬೇಡಿ. ನಮ್ಮನೆಯಲ್ಲಿ ಅವು ಮಂಚದ ಕೆಳಗೆ ಇವೆ, ಹೆಂಡತಿಗೆ ಅದರ ಮೇಲೆ ಕಣ್ಣಿದೆ, ಇಲ್ಲಿಯ ತನಕ ಉಳಿಸಿಕೊಂಡಿದೀನಿ.